ಸೋಮವಾರದ ಅಡುಗೆ ಏಳೂ ದಿನ

ಹೋದ ತಿಂಗಳು ಇದೇ ಅಂಕಣದಲ್ಲಿ ಯಾವುದೋ ಮಾತಿಗೆ 'ನಾನು ಮೀನು ಬಿಟ್ಟು ಹನ್ನೊಂದು ವರ್ಷವಾಯ್ತು' ಅಂತ ಒಂದು ಸಾಲು ಬರೆದಿದ್ದೆ. ಅಷ್ಟೇ. ಆ ಒಂದು ಸಾಲಿಗೆ ಬಂದಷ್ಟು ಪತ್ರ, ಮೆಸೇಜು ನಾನು ವರ್ಷವಿಡೀ ಬರೆದ ಹಪ್ಪಳ, ಉಪ್ಪಿನಕಾಯಿ ಎಲ್ಲಾ ಸೇರಿದರೂ ಬಂದಿರಲಿಲ್ಲ. ಕೆಲವರಿಗೆ ತಾವೂ ಬಿಡಬೇಕು ಅಂತ ಆಸೆ, ಕೆಲವರ ಮನೆಯಲ್ಲಿ ಮಕ್ಕಳು ಬಿಟ್ಟು ಕೂತಿದ್ದಾರೆ, ಒಬ್ಬರಿಗೆ ಮಾತ್ರ ನನ್ನ ಮೇಲೆ ಸಿಟ್ಟು. ಈ ಸಲದ ಪೂರ್ತಿ ಅಂಕಣ ಅದಕ್ಕೇ ಇರಲಿ. ನಾನು ಹುಟ್ಟಿ ಬೆಳೆದದ್ದು ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನ ಹತ್ತಿರ, ಈಗ ಇರುವುದು ಶಿರಸಿಯಲ್ಲಿ. ಹಾಗಾಗಿ ಘಟ್ಟದ ಕೆಳಗಿನ ಮಸಾಲೆಯೂ ಗೊತ್ತು, ಘಟ್ಟದ ಮೇಲಿನ ತಂಬುಳಿಯೂ ಗೊತ್ತು.

ಪ್ರಶ್ನೆ: ಅಕ್ಕಾ, ಮದುವೆಯಾಗಿ ಎರಡು ವರ್ಷ. ನಾನು ಮೀನು, ಮಾಂಸ ಎರಡನ್ನೂ ಬಿಡಬೇಕು ಅಂತ ಮಾಡಿದ್ದೇನೆ. ಅತ್ತೆ ಮತ್ತು ನಮ್ಮನೆಯವರು ಬಿಡುವುದಿಲ್ಲ, ಬಿಡಿ ಅಂತ ನಾನೂ ಹೇಳುವುದಿಲ್ಲ. ಆದರೆ ಬೆಳಿಗ್ಗೆ ಎಂಟೂವರೆಗೆ ನನಗೆ ಬಸ್ಸು. ಎರಡೆರಡು ಅಡುಗೆ ಮಾಡುವುದು ಹೇಗೆ? 
— ಓದುಗರೊಬ್ಬರು, ಸದಾಶಿವಗಡ

ಉತ್ತರ: ತಂಗಿ, ಎರಡು ಅಡುಗೆ ಮಾಡಬೇಡ. ಒಂದೇ ಅಡುಗೆ ಮಾಡು, ಪಾತ್ರೆ ಮಾತ್ರ ಎರಡು ಇಟ್ಟುಕೋ.

ನಮ್ಮ ಕಡೆ ಮೀನಿನ ಸಾರು ಮಾಡುವ ಕ್ರಮ ಒಮ್ಮೆ ನೆನಪು ಮಾಡಿಕೋ. ಕಾಯಿ ತುರಿಯುವುದು, ಮೆಣಸು ಹುರಿಯುವುದು, ನುಣ್ಣಗೆ ರುಬ್ಬುವುದು, ಹುಳಿ ಬಿಡುವುದು, ಕುದಿಸುವುದು. ಮೀನು ಬೀಳುವುದು ಕಟ್ಟಕಡೆಗೆ, ಅದೂ ಏಳೆಂಟು ನಿಮಿಷಕ್ಕೆ. ಅಂದರೆ ಮುಕ್ಕಾಲು ಕೆಲಸ ಮುಗಿಯುವ ತನಕ ಆ ಸಾರು ಶುದ್ಧ ಸಸ್ಯಾಹಾರ! ನೀನು ಮಾಡಬೇಕಾದ್ದು ಇಷ್ಟೇ. ರುಬ್ಬಿದ ಮಸಾಲೆಯನ್ನು ಎರಡು ಪಾತ್ರೆಗೆ ಹಂಚು. ಒಂದರಲ್ಲಿ ಅತ್ತೆ ಬಂಗುಡೆ ಹಾಕಲಿ, ಇನ್ನೊಂದರಲ್ಲಿ ನೀನು ರಾತ್ರಿಯೇ ಬೇಯಿಸಿಟ್ಟ ಅಲಸಂದೆ ಕಾಳೋ ನುಗ್ಗೆಕಾಯಿಯೋ ಹಾಕು. ರುಬ್ಬಿದ್ದು ಒಂದೇ ಸಲ, ಮಿಕ್ಸಿ ತೊಳೆದದ್ದೂ ಒಂದೇ ಸಲ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಸೋಮವಾರ ಮೀನು ಮಾಡುವುದಿಲ್ಲ, ಅಲ್ವಾ? ಸಂಕಷ್ಟಿಗೂ ಇಲ್ಲ, ಶ್ರಾವಣ ಶುರುವಾದರೆ ಚೌತಿ ಮುಗಿಯುವ ತನಕ ಇಲ್ಲ. ಲೆಕ್ಕ ಹಾಕು. ವರ್ಷಕ್ಕೆ 52 ಸೋಮವಾರ, ಶ್ರಾವಣದ ಉಳಿದ ಇಪ್ಪತ್ತಾರು ದಿನ, 12 ಸಂಕಷ್ಟಿ, ಮೇಲೆ ಹಬ್ಬ, ಸೂತಕ, ಪೂಜೆ. ನೂರು ದಿನ ಹತ್ತಿರ ಹತ್ತಿರ ಆಗೇ ಹೋಯ್ತು. ನಿನ್ನ ಅತ್ತೆ ವರ್ಷಕ್ಕೆ ನೂರು ದಿನ ಮೀನಿಲ್ಲದ ಅಡುಗೆ ಮಾಡುವವರು, ಅದೂ ಒಂದು ದಿನ ಮಾಡಿದ್ದು ಮರುದಿನ ಬಾರದ ಹಾಗೆ. ಯೂಟ್ಯೂಬು ನೋಡುವ ಮೊದಲು ಅವರನ್ನು ಕೇಳು. 'ಅತ್ತೇ, ನಿಮ್ಮ ಸೋಮವಾರದ ಅಡುಗೆ ನನಗೆ ಏಳೂ ದಿನ ಬೇಕು' ಅಂತ ಕೇಳಿದರೆ ಯಾವ ಅತ್ತೆಗೆ ಬೇಜಾರಾಗುತ್ತದೆ ಹೇಳು. ನಾನು ಹಾಗೆ ಕೇಳಲಿಲ್ಲ. ಬಿಟ್ಟ ಹೊಸತರಲ್ಲಿ 'ನನಗೆ ಬೇರೆ ಕಾವಲಿ, ಬೇರೆ ಸೌಟು, ಬೇರೆ ಶೆಲ್ಫು' ಅಂತ ಕೂಗಾಡಿ ಮನೆಯಲ್ಲಿ ಮೂರು ತಿಂಗಳು ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಒಂದು ಕಾವಲಿ, ಒಂದು ಸೌಟು ಬೇರೆ ಇಟ್ಟುಕೋ, ಸಾಕು. ಉಳಿದದ್ದು ಸೋಪು ನೋಡಿಕೊಳ್ಳುತ್ತದೆ.

ಪ್ರಶ್ನೆ: ನನಗೆ ನಲವತ್ತೇಳು. ಮೀನು ಬಿಡಲು ಮೂರು ಸಲ ಪ್ರಯತ್ನ ಮಾಡಿದೆ, ಮೂರೂ ಸಲ ಹತ್ತು ದಿನಕ್ಕೆ ಮುಗಿಯಿತು. ಸಾಂಬಾರು, ಪಲ್ಯ ತಿಂದು ತಿಂದು ಬಾಯಿ ಕೆಟ್ಟುಹೋಗುತ್ತದೆ. ಮೀನಿಲ್ಲದೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಅಂದರೆ ನಂಬುತ್ತೀರಾ? 
— ಕುಮಟಾದಿಂದ ಒಬ್ಬರು

ಉತ್ತರ: ನಂಬುತ್ತೇನೆ ಮಾರಾಯ್ರೆ. ನನಗೂ ಹಾಗೇ ಆಗಿತ್ತು. ಆದರೆ ನಿಮ್ಮ ಪತ್ರದಲ್ಲೇ ಉತ್ತರ ಇದೆ. ನೀವು ಮೀನಿನ ಜೊತೆಗೆ ಮಸಾಲೆಯನ್ನೂ ಬಿಟ್ಟಿದ್ದೀರಿ. ನಿನ್ನೆ ತನಕ ಹಸಿ ಕಾಯಿ, ಬ್ಯಾಡಗಿ ಮೆಣಸು, ಮುರುಗಲು (ಕೋಕಂ) ಹುಳಿ, ತೆಪ್ಪಲ ತಿನ್ನುತ್ತಿದ್ದ ನಾಲಿಗೆಗೆ ಇವತ್ತು ಏಕ್‌ದಮ್ ಬೇಳೆ ಸಾಂಬಾರು, ಬೀನ್ಸ್ ಪಲ್ಯ ಕೊಟ್ಟರೆ ಅದು ಬೇರೆ ಊರಿಗೆ ವರ್ಗಾವಣೆ ಆದ ಹಾಗೆ. ನೀವು ಹುಡುಕುತ್ತಿರುವ ರುಚಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮೀನಿನದ್ದಲ್ಲ.

ತೆಪ್ಪಲವನ್ನೇ ನೋಡಿ. ಘಟ್ಟದ ಮೇಲೆ ಇದಕ್ಕೆ ಜುಮ್ಮನಕಾಯಿ ಅನ್ನುತ್ತಾರೆ. ನಾಲಿಗೆ ಜುಮ್ಮೆನ್ನಿಸುತ್ತದೆ, ಅದಕ್ಕೇ ಆ ಹೆಸರು ಸರಿಯಾಗಿ ಕೂರುತ್ತದೆ. ಇದು ನಿಂಬೆಯ ಕುಟುಂಬದ ಮರ, ಚೀನಾದವರು ಬಳಸುವ ಸಿಚುವಾನ್ ಪೆಪ್ಪರ್‌ನ ಹತ್ತಿರದ ಸಂಬಂಧಿ. ಬಂಗುಡೆ ಸಾರಿನ ಆ ಗುಂಗು ಹಿಡಿಸುವ ಘಮ ಇದರದ್ದು, ಬಂಗುಡೆಯದ್ದಲ್ಲ. ಬೇಕಿದ್ದರೆ ಪರೀಕ್ಷೆ ಮಾಡಿ:

ಈಗ ಮಳೆಗಾಲ, ಹಲಸಿನ ಬೀಜ ಪ್ರತಿ ಮನೆಯಲ್ಲೂ ರಾಶಿ ಬಿದ್ದಿರುತ್ತದೆ. ಇಪ್ಪತ್ತು ಬೀಜ ಜಜ್ಜಿ, ಮೇಲಿನ ಬಿಳಿ ಸಿಪ್ಪೆ ತೆಗೆದು, ಉಪ್ಪು ಹಾಕಿ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ. ಒಂದು ಕಪ್ ಕಾಯಿತುರಿ, ಏಳು ಹುರಿದ ಬ್ಯಾಡಗಿ ಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಚಿಟಿಕೆ ಅರಿಶಿನ ಸೇರಿಸಿ ರುಬ್ಬಿ. ಎಷ್ಟು ನುಣ್ಣಗೆ ಅಂದರೆ ಬೆರಳಲ್ಲಿ ತಿಕ್ಕಿದರೆ ಗಂಧದ ಹಾಗಿರಬೇಕು. ತರಿ ಉಳಿದರೆ ಈ ಸಾರು ಕೆಟ್ಟಿತು ಅಂತಲೇ ಲೆಕ್ಕ. ಮಸಾಲೆ, ಬೀಜ, ನಾಲ್ಕು ಮುರುಗಲು ಸಿಪ್ಪೆ ಒಟ್ಟಿಗೆ ಕುದಿಯಲಿ. ಎಂಟು-ಹತ್ತು ತೆಪ್ಪಲ ತೆಗೆದುಕೊಂಡು ಒಳಗಿನ ಕಪ್ಪು ಬೀಜ ಬಿಸಾಡಿ, ಸಿಪ್ಪೆಯನ್ನು ಸ್ವಲ್ಪ ನೀರಲ್ಲಿ ಜಜ್ಜಿ, ಕೊನೆಯ ಕುದಿಗೆ ಹಾಕಿ. ಮಸಾಲೆಯ ಜೊತೆ ರುಬ್ಬಬೇಡಿ, ಕಹಿಯಾಗುತ್ತದೆ. ಒಲೆ ಆರಿಸಿ ಮೇಲೆ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ ಬಿಟ್ಟು ಮುಚ್ಚಿಡಿ. ಒಗ್ಗರಣೆ ಬೇಡ. ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆಯುವಾಗ ಮುಖ ಹತ್ತಿರ ಇರಲಿ.

ಇನ್ನು ಪಕ್ಕದಲ್ಲಿ ಹುರಿದದ್ದು ಏನಾದರೂ ಬೇಕೇ ಬೇಕು, ಅದೂ ಗೊತ್ತು. ಅದಕ್ಕೆ ನೀರುಹಲಸು (ದೀವಿಹಲಸು, ಜೀಗುಜ್ಜೆ ಅಂದರೂ ಅದೇ). ಹಿತ್ತಲಲ್ಲಿ ಮರ ಇದ್ದರೆ ಈಗ ಕಾಯಿ ಬಿಟ್ಟಿರುತ್ತದೆ, ಇಲ್ಲದಿದ್ದರೆ ಸಂತೆಯಲ್ಲಿ ಸಿಗುತ್ತದೆ. ಸಿಪ್ಪೆ ಕೆತ್ತಿ, ಅರ್ಧ ಬೆರಳು ದಪ್ಪದ ಹೋಳು ಮಾಡಿ, ಉಪ್ಪು, ಅರಿಶಿನ, ಖಾರಪುಡಿ, ಗಟ್ಟಿ ಹುಣಸೆ ರಸ ಸವರಿ ಹದಿನೈದು ನಿಮಿಷ ಇಡಿ. ಸಣ್ಣ ರವೆಗೆ ಸ್ವಲ್ಪ ಅಕ್ಕಿ ಹಿಟ್ಟು ಬೆರೆಸಿ ಹೋಳನ್ನು ಹೊರಳಿಸಿ ಕಾವಲಿಯ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಬೇಯಿಸಿ. ಮೊದಲ ಐದು ನಿಮಿಷ ಮುಚ್ಚಿ, ಆಮೇಲೆ ಮುಚ್ಚಳ ತೆಗೆದು ಗರಿಯಾಗುವ ತನಕ. ಹೊರಗೆ ರವೆ ಕರಕರ, ಒಳಗೆ ಮೆತ್ತಗೆ. ಕೊಂಕಣಿ ಮನೆಗಳಲ್ಲಿ ಫೋಡಿ ಅಂತ ಮಾಡುವುದು ಇದನ್ನೇ. ಸುವರ್ಣಗಡ್ಡೆ, ಬದನೆಯಲ್ಲೂ ಆಗುತ್ತದೆ, ಆದರೆ ನೀರುಹಲಸಿನ ಮುಂದೆ ಅವು ಎರಡನೇ ನಂಬರು.

ಒಣಮೀನಿನ ಚಟ್ನಿಯ ಆಸೆ ಬಂದಾಗ ತೆಂಗಿನಕಾಯಿ ಹೋಳನ್ನು ಕೆಂಡದಲ್ಲೋ ಗ್ಯಾಸಿನ ಉರಿಯಲ್ಲೋ ಅಂಚು ಕಪ್ಪಾಗುವ ತನಕ ಸುಡಿ. ಹುರಿದ ಹುರುಳಿ ಎರಡು ಚಮಚ, ಒಣಮೆಣಸು, ಬೆಳ್ಳುಳ್ಳಿ, ಎರಡು ಮುರುಗಲು ಸಿಪ್ಪೆ ಸೇರಿಸಿ ನೀರು ಮುಟ್ಟಿಸದೆ ತರಿತರಿಯಾಗಿ ಕುಟ್ಟಿ. ಬಿಸಿ ಗಂಜಿಗೆ ಹಾಕಿಕೊಳ್ಳಿ. ಒಣಮೀನೇ ಆಗುವುದಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಆ ಸುಟ್ಟ ವಾಸನೆ ಗಂಜಿಯನ್ನು ಇಳಿಸುತ್ತದೆ.

ಪ್ರಶ್ನೆ: ಮಗಳಿಗೆ ಹದಿನಾರು. ಕೋಳಿ ಅಂಗಡಿಯಲ್ಲಿ ಏನೋ ನೋಡಿ ಬಂದವಳು ಅವತ್ತಿನಿಂದ ಮಾಂಸ, ಮೀನು ಯಾವುದೂ ಮುಟ್ಟುತ್ತಿಲ್ಲ. ಐದು ತಿಂಗಳಾಯ್ತು. ಮೊದಲೇ ಸಣಕಲು, ಹಿಮೋಗ್ಲೋಬಿನ್ ಕಡಿಮೆ. ಬೈದು ತಿನ್ನಿಸಲೇ? 
— ತಾಯಿ, ಹೊನ್ನಾವರ

ಉತ್ತರ: ಬೈಯಬೇಡಿ ಅಕ್ಕ. ಐದು ತಿಂಗಳು ಹಿಡಿದು ನಿಂತಿದ್ದಾಳೆ ಅಂದರೆ ಹುಡುಗಾಟ ಅಲ್ಲ. ಆದರೆ ನಿಮ್ಮ ಭಯವೂ ಸುಮ್ನೆ ಅಲ್ಲ. ತಟ್ಟೆಯಿಂದ ಮೀನು ತೆಗೆದ ಜಾಗ ಖಾಲಿ ಬಿಟ್ಟರೆ ತೊಂದರೆ ಆಗೇ ಆಗುತ್ತದೆ.

ಪ್ರೋಟೀನ್ ವಿಷಯದಲ್ಲಿ ಜನ ಹೆದರಿಸುವಷ್ಟು ಕಷ್ಟ ಇಲ್ಲ. ಆ ವಯಸ್ಸಿಗೆ ದಿನಕ್ಕೆ ಸುಮಾರು 45 ಗ್ರಾಂ ಬೇಕು. ಮಧ್ಯಾಹ್ನ ಒಂದು ಬಟ್ಟಲು ಗಟ್ಟಿ ತೊವ್ವೆ, ರಾತ್ರಿ ಒಂದು ಬಟ್ಟಲು ಕಾಳು, ಎರಡೂ ಸೇರಿ 14 ಗ್ರಾಂ ಹತ್ತಿರ. ಎರಡು ಲೋಟ ಹಾಲು-ಮೊಸರಿನಿಂದ ಹನ್ನೆರಡು ಹದಿಮೂರು. ಒಂದು ಹಿಡಿ ಶೇಂಗಾ ಆರು. ಅನ್ನ, ದೋಸೆ, ಚಪಾತಿಯಿಂದಲೂ ಹದಿನೆಂಟಿಪ್ಪತ್ತು ಬರುತ್ತದೆ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಯ್ತಲ್ಲ? ಆದರೆ 'ಗಟ್ಟಿ ತೊವ್ವೆ' ಅಂದೆ, ನೆನಪಿರಲಿ. ನಮ್ಮ ಮನೆಗಳ ಸಾರಿನಲ್ಲಿ ಬೇಳೆ ಹುಡುಕಲು ಗಾಳ ಹಾಕಬೇಕು.

ಕಬ್ಬಿಣದ್ದು ಮಾತ್ರ ಸೂಕ್ಷ್ಮ. ಈ ವಯಸ್ಸಿನ ಹುಡುಗಿಯರಿಗೆ ದಿನಕ್ಕೆ 30 ಮಿಲಿಗ್ರಾಂ ಆಸುಪಾಸು ಬೇಕು, ಮತ್ತು ಸೊಪ್ಪು-ಕಾಳಿನ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ. ಜೊತೆಗೆ ಹುಳಿ ಹಣ್ಣು ಬೇಕು. ಹರಿವೆ ಪಲ್ಯಕ್ಕೆ ಇಳಿಸಿದ ಮೇಲೆ ನಿಂಬೆ ಹಿಂಡಿ, ಊಟದ ಜೊತೆ ಪೇರಲೆಯೋ ನೆಲ್ಲಿಕಾಯಿಯೋ ಕೊಡಿ. ಊಟ ಆದ ತಕ್ಷಣ ಚಾ ಕುಡಿಯುವ ಅಭ್ಯಾಸ ಇದ್ದರೆ ನಿಲ್ಲಿಸಿ, ಚಾದ ಒಗರು ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಲಿ. ಹಿಮೋಗ್ಲೋಬಿನ್ ಮೊದಲೇ ಕಡಿಮೆ ಅಂದಿರಲ್ಲ, ಹಾಗಾದರೆ ಸೊಪ್ಪೊಂದನ್ನೇ ನಂಬಬೇಡಿ. ಡಾಕ್ಟರಿಗೆ ತೋರಿಸಿ, ಮಾತ್ರೆ ಕೊಟ್ಟರೆ ತೆಗೆದುಕೊಳ್ಳಲಿ.

ಇನ್ನು ಬಿ-12 ವಿಟಮಿನ್. ಇದನ್ನು ನಾನು ಪೆಟ್ಟು ತಿಂದು ಕಲಿತೆ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ. ಸೊಪ್ಪು, ತರಕಾರಿ, ಕಾಳು ಯಾವುದರಲ್ಲೂ ಇದು ಇಲ್ಲ. ಮೀನು, ಮಾಂಸ, ಮೊಟ್ಟೆ, ಹಾಲಿನಲ್ಲಿ ಮಾತ್ರ ಇದೆ. ದಿನಕ್ಕೆ ಬೇಕಾದ್ದು ಎರಡು ಮೈಕ್ರೋಗ್ರಾಂ ಚಿಲ್ಲರೆ, ಅಂದರೆ ಕಣ್ಣಿಗೆ ಕಾಣದಷ್ಟು. ದಿನಾ ಬಂಗುಡೆ ತಿನ್ನುವವರಿಗೆ ಇದರ ಚಿಂತೆಯೇ ಇರುವುದಿಲ್ಲ. ನಾನು ಮೀನು ಬಿಟ್ಟ ಮೇಲೆ ಹಾಲೂ ಕುಡಿಯುತ್ತಿರಲಿಲ್ಲ, ವಾಸನೆ ಆಗದು. ಬಟಾಟೆ ಪಲ್ಯ, ಹಪ್ಪಳ, ಚಾ, ಬ್ರೆಡ್ಡು, ಅದೇ ನನ್ನ ಸಸ್ಯಾಹಾರ. ಲಿವರ್ ಹಳೆಯ ಬಿ-12 ಕೂಡಿಟ್ಟುಕೊಂಡು ವರ್ಷಗಟ್ಟಲೆ ನಡೆಸುತ್ತದೆ, ಹಾಗಾಗಿ ಎರಡು ವರ್ಷ ಏನೂ ಗೊತ್ತಾಗಲಿಲ್ಲ. ಮೂರನೇ ವರ್ಷ ಪಾದ ಜೋಮು ಹಿಡಿಯಲು ಶುರುವಾಯ್ತು, ಮೆಟ್ಟಿಲು ಹತ್ತಿದರೆ ಉಸಿರು ಮೇಲೆ ಕೆಳಗೆ. ರಕ್ತ ಪರೀಕ್ಷೆ ಮಾಡಿಸಿದರೆ ಬಿ-12 ಪಾತಾಳದಲ್ಲಿ. ಇಂಜೆಕ್ಷನ್ ಚುಚ್ಚಿಸಿಕೊಂಡು ಸರಿಯಾದೆ. ಈಗ ದಿನಾ ಎರಡು ಲೋಟದಷ್ಟು ಮೊಸರು, ಮಜ್ಜಿಗೆ ಹೊಟ್ಟೆಗೆ ಹೋಗುತ್ತದೆ, ವರ್ಷಕ್ಕೊಮ್ಮೆ ಪರೀಕ್ಷೆಯೂ ಆಗುತ್ತದೆ. ಮಗಳು ಹಾಲು-ಮೊಸರು ತಿನ್ನುತ್ತಾಳಾದರೆ ಅರ್ಧ ಚಿಂತೆ ಕಡಿಮೆ. ಮೊಟ್ಟೆ ತಿನ್ನುತ್ತಾಳಾ ಅಂತ ಮೆತ್ತಗೆ ಕೇಳಿ ನೋಡಿ. ಇಲ್ಲ ಅಂದರೆ ಇಲ್ಲ, ಬಿಟ್ಟುಬಿಡಿ. ಯಾವುದೂ ಇಲ್ಲ ಅಂತಾದರೆ ಬಿ-12 ಮಾತ್ರೆ ಬೇಕೇ ಬೇಕು, ಎಷ್ಟು ಅಂತ ಡಾಕ್ಟರು ಹೇಳಲಿ.

ಕರಾವಳಿಯವರಿಗೆ ಇನ್ನೊಂದು ಸಣ್ಣ ವಿಷಯ. ಅಯೋಡಿನ್ ನಮಗೆ ಸಮುದ್ರದ ಮೀನಿನಿಂದಲೂ ಬರುತ್ತಿತ್ತು. ಮೀನು ಬಿಟ್ಟವರು ಅಡುಗೆಗೆ ಅಯೋಡಿನ್ ಸೇರಿಸದ ಹರಳುಪ್ಪು ಮಾತ್ರ ಬಳಸುತ್ತಿದ್ದರೆ ಅದನ್ನು ಉಪ್ಪಿನಕಾಯಿಗೆ ಇಟ್ಟು, ಸಾರಿಗೆ ಅಯೋಡಿನ್ ಇರುವ ಪುಡಿ ಉಪ್ಪು ಹಾಕಿ. ಮೀನೆಣ್ಣೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬಿನಂಶದ ಬಗ್ಗೆಯೂ ಒಂದು ಮಾತು. ಅಗಸೆ ಬೀಜದಲ್ಲಿ ಅದರ ಇನ್ನೊಂದು ರೂಪ ಇದೆ, ಮೀನಿನಷ್ಟು ಚೆನ್ನಾಗಿ ಮೈಗೆ ಒದಗುವುದಿಲ್ಲ, ಆದರೂ ಒಳ್ಳೆಯದೇ. ಹುಬ್ಬಳ್ಳಿ ಕಡೆಯವರ ಅಗಸಿ ಹಿಂಡಿ (ಚಟ್ನಿಪುಡಿ) ಒಂದು ಡಬ್ಬಿ ತಂದಿಡಿ, ದೋಸೆಗೆ ಹಚ್ಚಿಕೊಂಡು ತಿನ್ನಲಿ. ಹುಡುಗರಿಗೆ ರುಚಿ ಹಿಡಿಸುತ್ತದೆ.

ಪ್ರಶ್ನೆ: ಮಾಂಸ ಬಿಟ್ಟೆ ಅಂದಕೂಡಲೇ ಮನೆಯವರೆಲ್ಲ 'ಏನು, ಭಟ್ಟರಾದೆಯಾ?' ಅಂತ ನಗಾಡುತ್ತಾರೆ. ಮದುವೆ ಮನೆಯಲ್ಲಂತೂ ಬೇಕಂತಲೇ ಪಕ್ಕದಲ್ಲಿ ಕೂತು ಚುಡಾಯಿಸುತ್ತಾರೆ. ಏನು ಉತ್ತರ ಕೊಡಲಿ? 
— ಹೆಸರು ಬೇಡ, ಅಂಕೋಲಾ

ಉತ್ತರ: ಈ ಮಾತು ಕೇಳದೆ ನಮ್ಮ ಜಿಲ್ಲೆಯಲ್ಲಿ ಯಾರೂ ಮೀನು ಬಿಟ್ಟಿಲ್ಲ ತಮ್ಮಾ. ಮೊದಲು, ಆ ಮಾತೇ ತಪ್ಪು ಲೆಕ್ಕ. ನಮ್ಮ ಕರಾವಳಿಯಲ್ಲಿ ಸಾರಸ್ವತರು ಬ್ರಾಹ್ಮಣರು, ಅವರ ಮನೆಯಲ್ಲಿ ಮೀನು ಬೇಯುತ್ತದೆ. ತಟ್ಟೆ ನೋಡಿ ಜಾತಿ ಹೇಳಲು ಇಲ್ಲಿ ಆಗುವುದಿಲ್ಲ. ಆದರೆ ಅವರ ನಗುವಿನ ಹಿಂದೆ ಒಂದು ನೋವೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮೀನು ತಿನ್ನುವವರನ್ನು ಕೀಳಾಗಿ ನೋಡಿದ ಕಾಲ ಇತ್ತು. ಬಾಡಿಗೆ ಮನೆ ಕೇಳಲು ಹೋದರೆ ಈಗಲೂ ಆ ಪ್ರಶ್ನೆ ಬರುತ್ತದೆ. ಹಾಗಿರುವಾಗ ತಮ್ಮವನೇ ಒಬ್ಬ ಬಿಟ್ಟೆ ಅಂದರೆ, 'ಇವನಿಗೂ ನಮ್ಮ ಊಟ ಹೊಲಸಾಯ್ತಾ' ಅಂತ ಅವರಿಗೆ ಚುಚ್ಚುತ್ತದೆ.

ಹಾಗಾಗಿ ನೀನು ಉತ್ತರ ಕೊಡಬೇಡ. ಅವರು ತಿನ್ನುವಾಗ ಮೂಗು ಮುಚ್ಚಬೇಡ, ಪಂಕ್ತಿ ಬಿಟ್ಟು ಏಳಬೇಡ, ಪ್ರಾಣಿ ಹಿಂಸೆಯ ವಿಡಿಯೋ ಫ್ಯಾಮಿಲಿ ಗ್ರೂಪಿಗೆ ಹಾಕಬೇಡ. ಮದುವೆ ಮನೆಗೆ ಹೋಗುವಾಗ ಒಂದು ಡಬ್ಬಿ ತುಂಬ ನೀರುಹಲಸಿನ ಫೋಡಿ ತೆಗೆದುಕೊಂಡು ಹೋಗು. ಚುಡಾಯಿಸುವವರ ಎಲೆಗೂ ಎರಡೆರಡು ಹಾಕು. ನಾನು ಹೀಗೆ ಮಾಡಿದ ವರ್ಷ ನನ್ನ ದೊಡ್ಡ ಮಾವ, ಮೊದಲ ಪಂಕ್ತಿಯಲ್ಲೇ ನನ್ನನ್ನು 'ಭಟ್ಟತಿ' ಅಂದವರು, ಎರಡನೇ ಸಲ ಕೈ ಚಾಚಿದರು. ಮಾತು ಇನ್ನೂ ನಿಂತಿಲ್ಲ, ಹೌದು. ಆದರೆ ಈಗ ಡಬ್ಬಿ ತಂದಿಲ್ಲ ಅಂದರೂ ಬೈಯುತ್ತಾರೆ.

ಪ್ರಶ್ನೆ: ಮೀನು ಬಿಡಿ ಅಂತ ಹೇಳಿ ಮೀನುಗಾರರ ಹೊಟ್ಟೆ ಮೇಲೆ ಹೊಡೆಯುತ್ತೀರಾ? ನೀವೂ ಅದೇ ಬಂದರಿನ ಅನ್ನ ತಿಂದು ಬೆಳೆದವರಲ್ಲವಾ? 
— ಕಾರವಾರ

ಉತ್ತರ: ಬಿಡಿ ಅಂತ ನಾನು ಯಾರಿಗೂ ಹೇಳಿಲ್ಲ ಅಣ್ಣ, ಬಿಟ್ಟವರಿಗೆ ಅಡುಗೆ ಹೇಳುತ್ತಿದ್ದೇನೆ. ಬಂದರಿನ ಅನ್ನ ತಿಂದದ್ದು ನಿಜ. ಮಳೆಗಾಲದ ಮೀನುಗಾರಿಕೆ ನಿಷೇಧದ ಎರಡು ತಿಂಗಳು (ಈಗ ಜೂನ್ 1ರಿಂದ ಜುಲೈ 31ರ ತನಕ, 61 ದಿನ) ಟ್ರಾಲರು-ಪರ್ಸೀನು ಬೋಟುಗಳೆಲ್ಲಾ ದಡದಲ್ಲಿ ಕಟ್ಟಿರುವಾಗ ನಮ್ಮಮ್ಮ ಹುರುಳಿ, ಅಲಸಂದೆ, ಹಲಸಿನ ಬೀಜದಲ್ಲೇ ಮನೆ ನಡೆಸುತ್ತಿದ್ದಳು. ಒಂದು ಸೇರು ಹುರುಳಿ ಬೇಯಿಸಿದರೆ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಇವತ್ತು ನಾನು ಇಲ್ಲಿ ಬರೆಯುತ್ತಿರುವ ಅಡುಗೆಯಲ್ಲಿ ಮುಕ್ಕಾಲು ಆ ಎರಡು ತಿಂಗಳಿನದ್ದು, ಮೀನುಗಾರರ ಮನೆಯದ್ದೇ.

ಪ್ರಶ್ನೆ: ಭಟ್ಕಳದವನು, ಶಿರಸಿಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೇನೆ. ರೂಮಿನಲ್ಲಿ ಒಂದು ಇಂಡಕ್ಷನ್ ಒಲೆ, ಒಂದು ಕುಕ್ಕರು. ಮಿಕ್ಸಿ ಇಲ್ಲ. ಮಾಲೀಕರು ಮಾಂಸ ಮಾಡಬಾರದು ಅಂದಿದ್ದಾರೆ, ಹಾಗಾಗಿ ಒಂಥರಾ ಬಲವಂತದ ಸಸ್ಯಾಹಾರಿ. ದಿನಾ ಮ್ಯಾಗಿ ತಿಂದು ಸಾಕಾಯ್ತು.

ಉತ್ತರ: ಬಲವಂತದವರಿಗೂ ಹಸಿವು ಅಷ್ಟೇ ಅಲ್ವಾ, ತಗೋ.

ಒಂದು ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ, ಐದು ಲೋಟ ನೀರು, ಉಪ್ಪು, ಅರಿಶಿನ, ಒಂದು ಚಮಚ ತುಪ್ಪ, ಎಂಟು ಕಾಳುಮೆಣಸು, ಜೀರಿಗೆ, ಕೈಗೆ ಸಿಕ್ಕ ತರಕಾರಿ. ನಾಲ್ಕು ಸೀಟಿ. ಇದು ಎರಡು ಹೊತ್ತಿಗಾಗುತ್ತದೆ. ಕಾಳುಮೆಣಸು ಶಿರಸಿಯಲ್ಲಿ ಕೊಳ್ಳಬೇಡ, ಯಾರಾದರೂ ತೋಟ ಇರುವ ಗೆಳೆಯನ ಮನೆಯಿಂದ ಕೇಳಿ ತಾ.

ಬೆಳಿಗ್ಗೆಗೆ ತೆಳು ಅವಲಕ್ಕಿ. ಕಾಯಿತುರಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಉಪ್ಪು, ಚೂರು ಬೆಲ್ಲ ಕೈಯಲ್ಲಿ ಚೆನ್ನಾಗಿ ಹಿಸುಕಿ, ಅದು ನೀರು ಬಿಟ್ಟ ಮೇಲೆ ಅವಲಕ್ಕಿ ಬೆರೆಸು. ಒಲೆಯೇ ಬೇಡ. ಮೇಲೆ ಒಂದು ಹಿಡಿ ಹುರಿದ ಶೇಂಗಾ ಹಾಕು, ಹನ್ನೊಂದು ಗಂಟೆಗೆ ಹಸಿಯುವುದಿಲ್ಲ. ಊರಿಗೆ ಹೋಗಿ ಬರುವಾಗ ಕುಮಟಾ ದಾಟುವಲ್ಲಿ ಬೇಸಿಗೆಯಲ್ಲಿ ರಸ್ತೆ ಬದಿ ಜಡೆ ಹೆಣೆದು ತೂಗು ಹಾಕಿರುತ್ತಾರಲ್ಲ, ಆ ಸಿಹಿ ಈರುಳ್ಳಿ ಒಂದು ಗೊಂಚಲು ತಂದಿಟ್ಟುಕೊಂಡರೆ ಈ ಅವಲಕ್ಕಿಗೆ ಬೇರೆಯೇ ರುಚಿ.

ತಂಬುಳಿಗೆ ಮಿಕ್ಸಿ ಬೇಕು ಅನ್ನುತ್ತಾರೆ. ಬೇಡ. ನಾಲ್ಕು ಸಾಂಬಾರ ಸೊಪ್ಪಿನ ಎಲೆ (ದೊಡ್ಡಪತ್ರೆ ಅಂದರೂ ಅದೇ, ಮಾಲೀಕರ ಅಂಗಳದಲ್ಲಿ ಖಂಡಿತ ಇರುತ್ತದೆ, ಕೇಳಿ ಕೀಳು), ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಲೋಟದ ತಳದಲ್ಲಿ ಜಜ್ಜಿ, ಉಪ್ಪು ಹಾಕಿದ ಮಜ್ಜಿಗೆಗೆ ಬೆರೆಸು. ಕುದಿಸಬೇಡ. ಮಾಲೀಕರ ಮನೆಯ ಅಮ್ಮ ನೋಡಿದರೆ 'ಇದೆಂಥ ತಂಬುಳಿ, ಕಾಯಿ ಎಲ್ಲಿ?' ಅನ್ನುತ್ತಾರೆ. ಅನ್ನಲಿ. ಮರುದಿನ ಅವರೇ ಸರಿಯಾದ್ದು ಒಂದು ಪಾತ್ರೆ ಕೊಟ್ಟರೂ ಕೊಡಬಹುದು, ನನಗೆ ಹಾಗೆ ಸಿಕ್ಕಿದೆ.

ಪ್ರಶ್ನೆ: ಸೋಯಾ ಚಂಕ್ಸ್ ಮಾಂಸದ ಬದಲಿಗೆ ಒಳ್ಳೆಯದಾ? ವಾಸನೆ ಹೋಗುವುದೇ ಇಲ್ಲ. 
— ದಾಂಡೇಲಿ

ಉತ್ತರ: ಪ್ರೋಟೀನ್ ಬೇಕಾದಷ್ಟಿದೆ, ಒಣ ಚಂಕ್ಸ್‌ನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಅದೇ. ಕುದಿಯುವ ಉಪ್ಪುನೀರಲ್ಲಿ ಹತ್ತು ನಿಮಿಷ ಹಾಕಿ, ಹಿಂಡಿ, ತಣ್ಣೀರಲ್ಲಿ ತೊಳೆದು ಇನ್ನೊಮ್ಮೆ ಹಿಂಡಿ. ಆ ಎರಡನೇ ಹಿಂಡುವಿಕೆಯನ್ನು ಎಲ್ಲರೂ ಬಿಡುತ್ತಾರೆ, ವಾಸನೆ ಅದರಲ್ಲೇ ಹೋಗುವುದು. ಆಮೇಲೆ ಮೊಸರು, ಶುಂಠಿ-ಬೆಳ್ಳುಳ್ಳಿಯಲ್ಲಿ ಅರ್ಧ ಗಂಟೆ ನೆನೆಸಿ ಒಣ ಸುಕ್ಕಾ ಮಾಡಿ. ನನಗಂತೂ ಸ್ಪಂಜು ಅಗಿದ ಹಾಗಾಗುತ್ತದೆ. ಅದರ ಬದಲು ಮಳೆಗಾಲದ ಅಣಬೆ ಸಿಕ್ಕರೆ ನಾನು ಎರಡು ಕಿಲೋಮೀಟರು ನಡೆದು ಹೋಗುತ್ತೇನೆ. ಆದರೆ ಕಾಡಿನ ಅಣಬೆ ಗೊತ್ತಿದ್ದವರು ಆರಿಸಿ ಕೊಟ್ಟರೆ ಮಾತ್ರ.

ಪ್ರಶ್ನೆ: ಬಿ-12 ಮಾತ್ರೆ ಸಸ್ಯಾಹಾರವಾ? ಪ್ಯಾಕೆಟ್ ಮೇಲಿನ ಗುರುತು ಹೇಗೆ ನೋಡುವುದು? 
— ಯಲ್ಲಾಪುರ

ಉತ್ತರ: ಮಾತ್ರೆಯೊಳಗಿನ ಬಿ-12 ತಯಾರಾಗುವುದು ಬ್ಯಾಕ್ಟೀರಿಯಾದಿಂದ, ಹಾಗಾಗಿ ತೊಂದರೆ ಇಲ್ಲ. ಆದರೆ ಕ್ಯಾಪ್ಸೂಲ್ ಆದರೆ ಹೊರಗಿನ ಮೆತ್ತನೆ ಕವಚ ಹೆಚ್ಚಾಗಿ ಜೆಲಾಟಿನ್, ಅದು ಪ್ರಾಣಿಯ ಮೂಳೆ-ಚರ್ಮದ್ದು. ಗಟ್ಟಿ ಗುಳಿಗೆ ರೂಪದಲ್ಲಿ ಕೊಡಿ ಅಂತ ಕೇಳಿ. ಆಹಾರದ ಪ್ಯಾಕೆಟ್ಟಿನಲ್ಲಿ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಮೊದಲು ಅಲ್ಲೂ ಚುಕ್ಕೆಯೇ ಇತ್ತು.

ಪ್ರಶ್ನೆ: ಕೆಸುವಿನ ಸೊಪ್ಪಿನ ಕರ್ಕಲಿ ಮಾಡಿದೆ, ಮನೆಮಂದಿಗೆಲ್ಲ ಬಾಯಿ, ಗಂಟಲು ತುರಿಸಿ ರಾದ್ಧಾಂತ. ಅತ್ತೆ ಈಗ ನನ್ನ ಕೈಯ ಸೊಪ್ಪಿನ ಅಡುಗೆಯನ್ನೇ ಮುಟ್ಟುತ್ತಿಲ್ಲ. ಎಲ್ಲಿ ತಪ್ಪಿದೆ? 
— ಗೋಕರ್ಣ

ಉತ್ತರ: ಹುಳಿ ಕಡಿಮೆ ಹಾಕಿದ್ದೀರಿ, ಅವಸರವೂ ಮಾಡಿದ್ದೀರಿ. ಕೆಸುವಿನಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಕ್ಯಾಲ್ಸಿಯಂ ಆಕ್ಸಲೇಟ್ ಅಂತ. ಅವು ಚುಚ್ಚುವುದಕ್ಕೇ ತುರಿಕೆ. ಎಳೆಯ ಎಲೆ ಆರಿಸಿ, ದಂಟಿನ ನಾರು ತೆಗೆದು, ಕೈಗೆ ಎಣ್ಣೆ ಹಚ್ಚಿಕೊಂಡು ಹೆಚ್ಚಿ. ಬೇಯಲು ಇಡುವಾಗಲೇ ದೊಡ್ಡ ನಿಂಬೆ ಗಾತ್ರದ ಹುಣಸೆಯ ರಸ ಹಾಕಿ, ಎಲೆ ಪೂರ್ತಿ ಕರಗಿ ಮುದ್ದೆಯಾಗುವ ತನಕ, ಮುಕ್ಕಾಲು ಗಂಟೆಯಾದರೂ ಆಗಲಿ, ಬೇಯಿಸಿ. ಸೂಜಿಮೆಣಸು, ಉಪ್ಪು ಆಮೇಲೆ, ಕೊನೆಗೆ ಬೆಳ್ಳುಳ್ಳಿ ಜಜ್ಜಿ ಕೆಂಪಗೆ ಒಗ್ಗರಣೆ. ಇಳಿಸುವ ಮೊದಲು ಒಂದು ಚೂರು ನಾಲಿಗೆಯ ಮೇಲಿಟ್ಟು ಎರಡು ನಿಮಿಷ ಕಾಯಿರಿ. ತುರಿಸಿದರೆ ಇನ್ನಷ್ಟು ಹುಳಿ, ಇನ್ನೊಂದು ಕುದಿ. ಆ ಚೂರು ತಿಂದು ನೋಡುವವರು ಮಾತ್ರ ನೀವೇ ಆಗಿರಿ, ಅತ್ತೆಯನ್ನು ಇನ್ನೊಂದು ವಾರ ಕರೆಯಬೇಡಿ.